ಎಷ್ಟು ಆಳಕ್ಕೆ ತೆಗೆಯಬೇಕು? ಯೋನಿಯ ಹೊರಚರ್ಮದ ಕ್ಯಾನ್ಸರ್ ಪೂರ್ವ ಮಚ್ಚೆಗಳ ಬಗ್ಗೆ

ಪ್ರಶ್ನೆ: ಮೇಡಂ, ನನಗೆ 46 ವರ್ಷ. ಸಕಲೇಶಪುರ ತಾಲ್ಲೂಕಿನ ಹಳ್ಳಿ, ಎಸ್ಟೇಟಿನಲ್ಲಿ ಕೆಲಸ. ಎರಡು ವರ್ಷದಿಂದ ಕೆಳಗೆ ತುರಿಕೆ. ಹೇಳಿಕೊಳ್ಳೋಕೆ ನಾಚಿಕೆಯಾಗಿ ಮೆಡಿಕಲ್ ಶಾಪಿನಲ್ಲಿ ಕೊಟ್ಟ ಟ್ಯೂಬನ್ನೇ ಹಚ್ಚುತ್ತಿದ್ದೆ. ಅತ್ತೆ ಉಷ್ಣ ಅಂದರು, ಬೇವಿನ ನೀರಲ್ಲಿ ತೊಳೆದಿದ್ದೂ ಆಯ್ತು. ಆಮೇಲೆ ಬಲಗಡೆ ಹೊರಗಿನ ತುಟಿ ಮೇಲೆ, ಕೂದಲಿರುವ ಕಡೆ, ಎರಡು ಸೆಂಟಿಮೀಟರಿನಷ್ಟು ಉಬ್ಬಿದ ಕಪ್ಪು ಮಚ್ಚೆಯಾಯಿತು. ಒಳಗಿನ ಚಿಕ್ಕ ತುಟಿ ಮೇಲೂ ಒಂದು ಸಣ್ಣ ಬಿಳಿ ಮಚ್ಚೆ ಇದೆ. ಹಾಸನದಲ್ಲಿ ತೋರಿಸಿದಾಗ ಕಪ್ಪು ಮಚ್ಚೆಯಿಂದ ಚೂರು ತೆಗೆದು ಕಳಿಸಿದರು. ರಿಪೋರ್ಟಿನಲ್ಲಿ 'ವಿಐಎನ್ 3, ಎಚ್‌ಎಸ್‌ಐಎಲ್, ಇನ್ವೇಶನ್ ಕಾಣಿಸಿಲ್ಲ' ಎಂದಿದೆ. ಒಬ್ಬ ಡಾಕ್ಟರು ಕತ್ತರಿಸಿ ತೆಗೆಯಬೇಕು ಅಂದರು. ಇನ್ನೊಬ್ಬರು ಲೇಸರಿನಲ್ಲಿ ಒಂದೆರಡು ಮಿಲಿಮೀಟರ್ ಸುಟ್ಟರೆ ಸಾಕು ಅಂದರು. ಮನೆಯಲ್ಲಿ ಮಾತ್ರ, ಬೇರು ಸಮೇತ ಕೀಳಿಸದಿದ್ದರೆ ಮತ್ತೆ ಚಿಗುರುತ್ತೆ, ಆಳಕ್ಕೆ ತೆಗೆಸು ಅಂತಾರೆ. ನಾದಿನಿ, ಚಾಕು ತಾಗಿದರೆ ಹರಡುತ್ತೆ ಅಂತಾಳೆ. ಒಂದೆರಡು ಮಿಲಿಮೀಟರ್ ತೆಗೆದರೆ ಹೇಗೆ ಸಾಕಾಗುತ್ತೆ? ಹಣ್ಣಿನ ಕೊಯ್ಲು ಮುಗಿಯೋ ತನಕ ಕಾಯಬಹುದಾ? ಇದು ಗಂಡನಿಂದ ಬಂದಿದ್ದಾ ಅಂತಾನೂ ಒಳಗೊಳಗೇ ಕೊರೀತಿದೆ. ಹೆಸರು ಹಾಕಬೇಡಿ.

ಉತ್ತರ: ಇಬ್ಬರು ಡಾಕ್ಟರು ಎರಡು ರೀತಿ ಹೇಳಿದರೆಂದು ನೀವು ಗಾಬರಿಯಾಗಿದ್ದೀರಿ. ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿ ನೋಡಿ: ಮಚ್ಚೆ ಒಂದಲ್ಲ, ಎರಡಿವೆ. ಒಂದು ಕೂದಲಿರುವ ಹೊರತುಟಿಯ ಮೇಲೆ, ಇನ್ನೊಂದು ಕೂದಲಿಲ್ಲದ ಒಳತುಟಿಯ ಮೇಲೆ. ಒಬ್ಬರು ಹೊರಗಿನದನ್ನು, ಇನ್ನೊಬ್ಬರು ಒಳಗಿನದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡಿದ್ದರೆ ಇಬ್ಬರ ಮಾತೂ ಸರಿಯೇ. ಎಷ್ಟು ಆಳಕ್ಕೆ ಹೋಗಬೇಕು ಎಂಬುದು ಮುಖ್ಯವಾಗಿ ಮಚ್ಚೆ ಕೂತಿರುವ ಚರ್ಮದ ಮೇಲೆ, ಅಲ್ಲಿ ಕೂದಲಿದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.

ಮೊದಲು ರಿಪೋರ್ಟಿನ ಆ '3' ಎಂಬ ಅಂಕಿ. ಅದನ್ನು ನೋಡಿ ಕ್ಯಾನ್ಸರಿನ ಮೂರನೇ ಹಂತ ಅಂದುಕೊಂಡು ಊಟ ನಿದ್ದೆ ಬಿಟ್ಟವರಿದ್ದಾರೆ. ಅದು ಹಂತದ ಸಂಖ್ಯೆ ಅಲ್ಲ. ವಿಐಎನ್ ಎಂದರೆ ಯೋನಿಯ ಹೊರಚರ್ಮದ ಮೇಲ್ಪದರದೊಳಗೆ ಕಣಗಳು ಅಂಕೆ ತಪ್ಪಿ ಬೆಳೆದಿರುವ ಸ್ಥಿತಿ. ಆ ಪದರದ ಕೆಳಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ ಕಣಗಳು ಕೆಟ್ಟಿದ್ದರೆ 1, ಮೂರನೇ ಎರಡು ಭಾಗದವರೆಗೆ ಕೆಟ್ಟಿದ್ದರೆ 2, ಹೆಚ್ಚುಕಡಿಮೆ ಪೂರ್ತಿ ಪದರ ಕೆಟ್ಟಿದ್ದರೆ 3 ಎಂದು ಮೊದಲು ಎಣಿಸುತ್ತಿದ್ದರು. 2015ರ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಹಳೆಯ 2 ಮತ್ತು 3 ಸೇರಿ ಎಚ್‌ಎಸ್‌ಐಎಲ್ ಆದವು. ನಿಮ್ಮ ರಿಪೋರ್ಟಿನಲ್ಲಿ ಹಳೆಯ ಹೆಸರು, ಹೊಸ ಹೆಸರು ಎರಡೂ ಇವೆ, ರೋಗ ಒಂದೇ. ಇದು ಕ್ಯಾನ್ಸರ್ ಅಲ್ಲ. ಹಾಗೇ ಬಿಟ್ಟರೆ ಕೆಲವರಲ್ಲಿ ಕ್ಯಾನ್ಸರ್ ಆಗುತ್ತದೆ, ಅದಕ್ಕಾಗಿಯೇ ಚಿಕಿತ್ಸೆ. ಚಿಕಿತ್ಸೆ ಪಡೆಯದೆ ಉಳಿದವರ ವರದಿಗಳನ್ನು ಒಟ್ಟುಗೂಡಿಸಿ 2005ರಲ್ಲಿ ಲೆಕ್ಕ ಹಾಕಿದಾಗ ನೂರಕ್ಕೆ ಸುಮಾರು 9 ಮಂದಿಗೆ ಕೆಲವು ವರ್ಷಗಳಲ್ಲಿ ಕ್ಯಾನ್ಸರ್ ಬಂದಿತ್ತು.

ಈಗ ನಿಮ್ಮ ಮುಖ್ಯ ಪ್ರಶ್ನೆ, ಬೇರಿನದು. ನಮ್ಮ ಚರ್ಮದ ಮೇಲ್ಪದರ ಬಹಳ ತೆಳು. ರೋಗದಿಂದ ದಪ್ಪವಾದ ಮೇಲೂ ಅದು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು, ಅಪರೂಪಕ್ಕೆ 2 ಮಿ.ಮೀ. ಹತ್ತಿರ ಹೋಗುತ್ತದೆ. ಒಂದು ರಾಗಿಕಾಳಿನ ಗಾತ್ರ ಒಂದರಿಂದ ಎರಡು ಮಿ.ಮೀ. ಅಂದರೆ ನಿಮ್ಮನ್ನು ಇಷ್ಟು ಹೆದರಿಸಿರುವ ರೋಗದ ದಪ್ಪ, ಬಹುಪಾಲು ಜಾಗದಲ್ಲಿ, ಒಂದು ರಾಗಿಕಾಳಿನಷ್ಟೂ ಇಲ್ಲ. ಮೇಲ್ಪದರ ಮುಗಿದು ಒಳಚರ್ಮ ಶುರುವಾಗುವ ಗಡಿಯಲ್ಲಿ ಒಂದು ತಳಪೊರೆ ಇದೆ. ಕೆಟ್ಟ ಕಣಗಳು ಅದರ ಮೇಲೇ ಇರುವ ತನಕ ಅದು ಕ್ಯಾನ್ಸರ್ ಪೂರ್ವ ಸ್ಥಿತಿ. ಪೊರೆ ಹರಿದು ಒಳಚರ್ಮಕ್ಕೆ ಇಳಿದರೆ ಕ್ಯಾನ್ಸರ್. 'ಇನ್ವೇಶನ್ ಕಾಣಿಸಿಲ್ಲ' ಅಂದರೆ, ಪರೀಕ್ಷೆಗೆ ಕಳಿಸಿದ ಆ ಚೂರಿನಲ್ಲಿ ಪೊರೆ ಹರಿದಿಲ್ಲ ಎಂದರ್ಥ.

ಮೇಲ್ಪದರದಲ್ಲಿ ರಕ್ತನಾಳವೂ ಇಲ್ಲ, ದುಗ್ಧರಸ (ಲಿಂಫ್) ಹರಿಯುವ ನಾಳವೂ ಇಲ್ಲ. ಹರಡಲು ದಾರಿಯೇ ಇಲ್ಲದ ಕಡೆ ರೋಗ ಕೂತಿದೆ. ಹಾಗಾಗಿ ಬಯಾಪ್ಸಿಯ ಸೂಜಿಯಿಂದಾಗಲಿ, ಶಸ್ತ್ರಚಿಕಿತ್ಸೆಯ ಚಾಕುವಿನಿಂದಾಗಲಿ ಇದು ಹರಡುವುದಿಲ್ಲ. ನಿಮ್ಮ ನಾದಿನಿಯವರು ಯಾರಿಗೋ ಆಪರೇಷನ್ ಆದ ಮೇಲೆ ಕಾಯಿಲೆ ಹೆಚ್ಚಾದದ್ದನ್ನು ಕಂಡಿರಬಹುದು. ತೀರಾ ತಡವಾಗಿ ಬಂದ ಕ್ಯಾನ್ಸರಿನಲ್ಲಿ ಹಾಗಾಗುತ್ತದೆ, ಅದು ಆ ಹೊತ್ತಿಗಾಗಲೇ ಹರಡಿರುತ್ತದೆ.

ಬೇರು ಅನ್ನುವುದು ಇಲ್ಲಿ ಏನಾದರೂ ಇದ್ದರೆ ಅದು ಕೂದಲಿನ ಬೇರು. ಒದ್ದೆ ಬಟ್ಟೆಯನ್ನು ಹಿಟ್ಟಿನ ಮೇಲೆ ಹಾಸಿ ಬೆರಳಿನಿಂದ ಒತ್ತಿದರೆ ಬಟ್ಟೆಯೇ ಗುಳಿಯಾಗಿ ಕೆಳಗಿಳಿಯುತ್ತದಲ್ಲ, ರೋಮಕೂಪವೂ ಹಾಗೆಯೇ: ಚರ್ಮದ ಮೇಲ್ಪದರವೇ ಒಳಕ್ಕೆ ಇಳಿದು ಕೂದಲಿಗೆ ಗೂಡಾಗಿರುತ್ತದೆ. ಕೆಟ್ಟ ಕಣಗಳು ಮೇಲ್ಪದರದ ಗುಂಟ ಹರಿಯುವಂಥವಾದ್ದರಿಂದ ಆ ಗೂಡಿನೊಳಕ್ಕೂ ಇಳಿಯುತ್ತವೆ. ತಳಪೊರೆ ಹರಿದಿರುವುದಿಲ್ಲ, ಆದ್ದರಿಂದ ಕ್ಯಾನ್ಸರ್ ಅಲ್ಲ. ಆದರೂ ಮೇಲಿನಿಂದ ನೋಡಿದರೆ ಆಳದಲ್ಲಿದೆ. ಹೊರತುಟಿಯ ರೋಮಕೂಪಗಳು ಒಳಚರ್ಮ ದಾಟಿ ಕೊಬ್ಬಿನ ಪದರದವರೆಗೆ, 3 ಮಿ.ಮೀ. ಅಥವಾ ಅದಕ್ಕೂ ಹೆಚ್ಚು ಇಳಿದಿರುತ್ತವೆ. ರೋಗ ಅಷ್ಟೂ ಆಳಕ್ಕೆ ಇಳಿಯುವುದು ಕಡಿಮೆ, ಸಾಮಾನ್ಯವಾಗಿ ಗೂಡಿನ ಮೇಲ್ಭಾಗದಲ್ಲೇ ಇರುತ್ತದೆ. ಆದರೆ ಯಾವ ಕೂದಲಿನ ಬುಡದಲ್ಲಿ ಎಷ್ಟು ಇಳಿದಿದೆ ಎಂದು ಮೇಲಿನಿಂದ ನೋಡಿ ಹೇಳಲು ಯಾರಿಂದಲೂ ಆಗದು.

ಆಳದ ಲೆಕ್ಕ ಹುಟ್ಟುವುದು ಇಲ್ಲಿಂದ. ಕೂದಲಿಲ್ಲದ ಜಾಗಗಳೆಂದರೆ ಚಿಕ್ಕ ತುಟಿ, ದೊಡ್ಡ ತುಟಿಯ ಒಳಮಗ್ಗುಲು, ಭಗಾಂಕುರದ ಸುತ್ತಮುತ್ತ. ಅಲ್ಲಿ ಲೇಸರಿನಿಂದ ಒಂದರಿಂದ 2 ಮಿ.ಮೀ. ತೆಗೆದರೆ ಸಾಕು, ಅದಕ್ಕಿಂತ ಆಳಕ್ಕೆ ಹೋಗಲು ಕಾರಣವಿಲ್ಲ. ಕೂದಲಿರುವ ಜಾಗದಲ್ಲಿ ರೋಮಕೂಪವನ್ನೂ ನಾಶ ಮಾಡಬೇಕೆಂದರೆ 3 ಮಿ.ಮೀ. ಅಥವಾ ಹೆಚ್ಚು ಬೇಕು. 3 ಕೇಳಲು ಚಿಕ್ಕ ಸಂಖ್ಯೆ, ಮೈಗೆ ಚಿಕ್ಕದಲ್ಲ. ಸುಟ್ಟ ಚರ್ಮ ಮತ್ತೆ ಹೇಗೆ ಮೂಡುತ್ತದೆ ಎಂಬುದರಲ್ಲಿ ಇದರ ಉತ್ತರವಿದೆ. ಹೊಸ ಚರ್ಮ ಗಾಯದ ಅಂಚಿನಿಂದ ಮಾತ್ರ ಬರುವುದಿಲ್ಲ, ಗಾಯದ ತಳದಲ್ಲಿ ಉಳಿದ ರೋಮಕೂಪ ಮತ್ತು ಗ್ರಂಥಿಗಳಿಂದಲೂ ಮೇಲೇಳುತ್ತದೆ. ಕಾಫಿ ಗಿಡವನ್ನು ಬುಡ ಬಿಟ್ಟು ಕತ್ತರಿಸಿದರೆ ಚಿಗುರುತ್ತದೆ, ಬುಡವನ್ನೇ ಅಗೆದರೆ ಚಿಗುರಲು ಏನೂ ಉಳಿಯುವುದಿಲ್ಲ. ರೋಮಕೂಪಗಳನ್ನೆಲ್ಲ ಸುಟ್ಟರೆ ಗಾಯ ಅಂಚಿನಿಂದ ಮಾತ್ರ ತುಂಬಬೇಕು. ವಾರಗಟ್ಟಲೆ ಹಿಡಿಯುತ್ತದೆ, ಗಂಟು ಕಲೆ ಉಳಿಯುತ್ತದೆ, ಚರ್ಮ ಬಿಗಿದುಕೊಳ್ಳುತ್ತದೆ. ಮನೆಯವರು ಹೇಳುವ ಹಾಗೆ ಎಲ್ಲ ಕಡೆಯೂ ಆಳಕ್ಕೆ ತೆಗೆಸಿದರೆ ನೀವು ತೆರುವ ಬೆಲೆ ಇದು.

ಹಾಗಾದರೆ ಕೂದಲಿರುವ ಹೊರತುಟಿಗೆ ಏನು ಮಾಡುವುದು? ಅಲ್ಲಿ ಸುಡುವುದಕ್ಕಿಂತ ಕತ್ತರಿಸಿ ಹೊಲಿಯುವುದು ಮೇಲು. ಆಳ ಅಷ್ಟೇ ಅಥವಾ ಇನ್ನೂ ಸ್ವಲ್ಪ ಹೆಚ್ಚು, ಪೂರ್ತಿ ಚರ್ಮ ಮತ್ತು ಕೊಬ್ಬಿನ ಮೇಲ್ಪದರ ಹೋಗುತ್ತದೆ. ಆದರೆ ತೆರೆದ ಗಾಯ ಬಿಡದೆ ಎರಡೂ ಅಂಚು ಕೂಡಿಸಿ ಹೊಲಿಯುವುದರಿಂದ ಬೇಗ ಮಾಯುತ್ತದೆ. ಹೊರತುಟಿಯ ಚರ್ಮ ಸಡಿಲ, ಎಳೆದರೆ ಬರುತ್ತದೆ. ನಿಮ್ಮ ಎರಡು ಸೆಂಟಿಮೀಟರ್ ಮಚ್ಚೆಗೆ ಸುತ್ತಲೂ ಅರ್ಧ ಸೆಂ.ಮೀ. ಆರೋಗ್ಯವಾದ ಚರ್ಮ ಸೇರಿಸಿದರೆ ಮೂರು ಸೆಂ.ಮೀ., ಒಂದು ಸೆಂ.ಮೀ. ಸೇರಿಸಿದರೆ ನಾಲ್ಕು. ಅಷ್ಟು ಉದ್ದದ ಎಲೆಯಾಕಾರದ ಗಾಯವನ್ನು ಅಲ್ಲಿ ಎಳೆತವಿಲ್ಲದೆ ಹೊಲಿಯಬಹುದು. ಕ್ಯಾನ್ಸರಿಗೆ ಮಾಡುವಂತೆ ಕೊಬ್ಬನ್ನೆಲ್ಲ ದಾಟಿ ಸ್ನಾಯುವಿನ ಮೇಲಿನ ಗಟ್ಟಿ ಪೊರೆಯವರೆಗೆ ಹೋಗುವ ಅಗತ್ಯ ಇಲ್ಲಿಲ್ಲ. ಯಾರಾದರೂ ಅಷ್ಟು ಆಳದ ಆಪರೇಷನ್ ಸೂಚಿಸಿದರೆ, ಅಥವಾ ಎರಡೂ ಕಡೆಯ ತುಟಿಗಳನ್ನು ಪೂರ್ತಿ ತೆಗೆಯಬೇಕೆಂದರೆ, ರಿಪೋರ್ಟಿನಲ್ಲಿ ಇನ್ವೇಶನ್ ಇದೆಯೇ ಎಂದು ನೇರವಾಗಿ ಕೇಳಿ. ಇಲ್ಲವೆಂದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ.

ಕತ್ತರಿಸುವುದರಲ್ಲಿ ಇನ್ನೊಂದು ಲಾಭವಿದೆ. ತೆಗೆದ ಇಡೀ ತುಂಡು ಪ್ಯಾಥಾಲಜಿಗೆ ಹೋಗುತ್ತದೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ ಎಂದಿದ್ದರೂ ಪೂರ್ತಿ ತೆಗೆದ ತುಂಡಿನಲ್ಲಿ ಬಚ್ಚಿಟ್ಟುಕೊಂಡ ಕ್ಯಾನ್ಸರ್ ಸಿಗುವುದು ನೂರಕ್ಕೆ 10ರಿಂದ 20 ಮಂದಿಯಲ್ಲಿ. ಕಡಿಮೆ ಅಲ್ಲ. ಲೇಸರಿನಲ್ಲಿ ಎಲ್ಲವೂ ಹೊಗೆಯಾಗಿ ಹೋಗುತ್ತದೆ, ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ನಿಮ್ಮ ಹೊರಗಿನ ಮಚ್ಚೆ ಉಬ್ಬಿದೆ ಎಂದಿದ್ದೀರಿ. ಅದೊಂದೇ ಕಾರಣ ಸಾಕು, ಅದನ್ನು ಸುಡಿಸದೆ ತೆಗೆಸಿ ಎನ್ನುತ್ತೇನೆ.

ತುಂಡು ಕಳಿಸುವ ರೀತಿಯಲ್ಲೂ ಎಡವಟ್ಟುಗಳಾಗುತ್ತವೆ. ಚರ್ಮದ ತುಂಡನ್ನು ಹಾಗೇ ಫಾರ್ಮಾಲಿನ್ ಡಬ್ಬಿಗೆ ಹಾಕಿದರೆ ಅದು ಸುರುಳಿ ಸುತ್ತಿಕೊಂಡು ಗಟ್ಟಿಯಾಗುತ್ತದೆ. ಲ್ಯಾಬಿನಲ್ಲಿ ಅದನ್ನು ನೆಟ್ಟಗೆ ಕುಯ್ಯಲು ಬರುವುದಿಲ್ಲ. ಓರೆಯಾಗಿ ಕುಯ್ದ ಸ್ಲೈಡಿನಲ್ಲಿ ರೋಮಕೂಪದೊಳಗಿನ ರೋಗ ಮೇಲಿನಿಂದ ಬೇರ್ಪಟ್ಟ ದ್ವೀಪದಂತೆ ಕಾಣುತ್ತದೆ, ಇಲ್ಲದ ಇನ್ವೇಶನ್ ಇದೆ ಎನಿಸುತ್ತದೆ. ಆಗ ಬೇಡದ ದೊಡ್ಡ ಆಪರೇಷನ್ನಿನ ಮಾತು ಶುರುವಾಗುತ್ತದೆ. ತುಂಡನ್ನು ಥರ್ಮೋಕೋಲ್ ಇಲ್ಲವೇ ಕಾರ್ಕಿನ ಮೇಲೆ ಪಿನ್ನು ಚುಚ್ಚಿ ಹರಡಿ, ಗಡಿಯಾರದ 12 ಗಂಟೆಯ ದಿಕ್ಕಿಗೆ ಒಂದು ದಾರ ಕಟ್ಟಿ ಕಳಿಸಿದರೆ ಈ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ, ಯಾವ ಅಂಚಿನಲ್ಲಿ ರೋಗ ಉಳಿದಿದೆ ಎಂದೂ ಲ್ಯಾಬಿನವರು ಹೇಳಬಲ್ಲರು.

ಒಂದು ಮಿಲಿಮೀಟರ್ ಎಂಬ ಇನ್ನೊಂದು ಮಾತು ನಿಮ್ಮ ಕಿವಿಗೆ ಬೀಳಬಹುದು, ಅದನ್ನು ಇದಕ್ಕೆ ಬೆರೆಸಬೇಡಿ. ತೆಗೆದ ತುಂಡಿನಲ್ಲಿ ಕ್ಯಾನ್ಸರ್ ಕಂಡರೆ, ಅದು ಒಳಚರ್ಮಕ್ಕೆ ಎಷ್ಟು ಇಳಿದಿದೆ ಎಂದು ಅಳೆಯುತ್ತಾರೆ. 1 ಮಿ.ಮೀ. ಒಳಗಿದ್ದು ಮಚ್ಚೆ 2 ಸೆಂ.ಮೀ. ಮೀರದಿದ್ದರೆ ತೊಡೆಸಂದಿನ ಗ್ರಂಥಿಗಳನ್ನು ಮುಟ್ಟುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. 1 ಮಿ.ಮೀ. ದಾಟಿದರೆ ಗ್ರಂಥಿಗಳ ಪರೀಕ್ಷೆ ಬೇಕು. ಅದು ರೋಗ ಎಷ್ಟು ಇಳಿದಿದೆ ಎಂಬ ಅಳತೆ. ನಿಮ್ಮ ಡಾಕ್ಟರು ಹೇಳಿದ ಒಂದೆರಡು ಮಿಲಿಮೀಟರ್ ಚಿಕಿತ್ಸೆ ಎಷ್ಟು ಇಳಿಯಬೇಕು ಎಂಬ ಅಳತೆ.

ಇನ್ನು ಒಳತುಟಿಯ ಬಿಳಿ ಮಚ್ಚೆ. ನನಗೆ ಕಳವಳ ಇರುವುದು ಇದರ ಬಗ್ಗೆಯೇ, ಏಕೆಂದರೆ ಅದರಿಂದ ಬಯಾಪ್ಸಿ ಆಗಿಲ್ಲ. ಕಪ್ಪು ಮಚ್ಚೆಯ ರಿಪೋರ್ಟನ್ನು ಹಿಡಿದು ಬಿಳಿ ಮಚ್ಚೆಗೆ ಲೇಸರ್ ಮಾಡುವುದು ತಪ್ಪು. ಬಿಳಿ ಮಚ್ಚೆ ಇದೇ ಎಚ್‌ಎಸ್‌ಐಎಲ್ ಇರಬಹುದು. ಲೈಕನ್ ಸ್ಕ್ಲೆರೋಸಸ್ ಎಂಬ, ಚರ್ಮವನ್ನು ಬೆಳ್ಳಗೆ ತೆಳ್ಳಗೆ ಮಾಡುವ ಕಾಯಿಲೆಯೂ ಇರಬಹುದು. ಅದಾಗಿದ್ದರೆ ಲೇಸರೂ ಬೇಡ, ಕತ್ತರಿಯೂ ಬೇಡ. ಕ್ಲೋಬೆಟಸಾಲ್ 0.05 ಶೇಕಡಾ ಮುಲಾಮನ್ನು ಮೊದಲ ತಿಂಗಳು ದಿನಕ್ಕೊಮ್ಮೆ, ಎರಡನೇ ತಿಂಗಳು ದಿನ ಬಿಟ್ಟು ದಿನ, ಮೂರನೇ ತಿಂಗಳು ವಾರಕ್ಕೆರಡು ಸಲ, ಡಾಕ್ಟರು ತೋರಿಸಿದ ಜಾಗಕ್ಕೆ ಮಾತ್ರ ಹಚ್ಚುವುದು ರೂಢಿ. ಮೂರು ತಿಂಗಳಿಗೆ 30 ಗ್ರಾಂ ಟ್ಯೂಬ್ ಒಂದು ಸಾಕು. ಆಮೇಲೂ ಬಿಡದೆ ಕಡಿಮೆ ಪ್ರಮಾಣದಲ್ಲಿ ಮುಂದುವರಿಸಬೇಕು. ಆಸ್ಟ್ರೇಲಿಯಾದಲ್ಲಿ 507 ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಲಾಮನ್ನು ಸರಿಯಾಗಿ ಮುಂದುವರಿಸಿದವರಲ್ಲಿ ಒಬ್ಬರಿಗೂ ಕ್ಯಾನ್ಸರ್ ಬರಲಿಲ್ಲ. ಮನಸ್ಸು ಬಂದಾಗ ಹಚ್ಚಿ ಬಿಟ್ಟವರಲ್ಲಿ ನೂರಕ್ಕೆ 4.7 ಮಂದಿಗೆ ಕ್ಯಾನ್ಸರ್ ಅಥವಾ ಅದರ ಹಿಂದಿನ ಸ್ಥಿತಿ ಬಂತು.

ಈ ಲೈಕನ್ ಸ್ಕ್ಲೆರೋಸಸ್ ಮೇಲೆ ಇನ್ನೊಂದು ಬಗೆಯ ವಿಐಎನ್ ಹುಟ್ಟುತ್ತದೆ, ರಿಪೋರ್ಟಿನಲ್ಲಿ 'ಡಿಫರೆನ್ಶಿಯೇಟೆಡ್' ಎಂದು ಬರೆದಿರುತ್ತಾರೆ. ನಿಮ್ಮ ಎಚ್‌ಎಸ್‌ಐಎಲ್‌ಗೆ ಕಾರಣವಾಗುವ ಎಚ್‌ಪಿವಿ ಎಂಬ ವೈರಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಸಾಮಾನ್ಯವಾಗಿ ಮುಟ್ಟು ನಿಂತ ವಯಸ್ಸಿನವರಲ್ಲಿ ಬರುತ್ತದೆ, ನೋಡಲು ಸಾಧುವಾಗಿ ಕಾಣುತ್ತದೆ, ಆದರೆ ಕ್ಯಾನ್ಸರ್ ಆಗುವ ಸಾಧ್ಯತೆ ಬಹಳ ಹೆಚ್ಚು, ಬೇಗವೂ ಆಗುತ್ತದೆ. ಅದಕ್ಕೆ ಲೇಸರ್, ಮುಲಾಮು ಯಾವುದೂ ಸಲ್ಲದು, ಕತ್ತರಿಸಿಯೇ ತೆಗೆಯಬೇಕು. ಅನುಮಾನವಿದ್ದರೆ ಪಿ16, ಪಿ53 ಎಂಬ ಬಣ್ಣದ ಪರೀಕ್ಷೆಗಳನ್ನು ಅದೇ ತುಂಡಿನ ಮೇಲೆ ಮಾಡಿ ಎರಡು ಬಗೆಗಳನ್ನು ಬೇರ್ಪಡಿಸುತ್ತಾರೆ. ಇದಕ್ಕೆ ಹೊಸದಾಗಿ ಬಯಾಪ್ಸಿ ಬೇಕಿಲ್ಲ. ಲ್ಯಾಬಿನಲ್ಲಿ ನಿಮ್ಮ ಚೂರನ್ನು ಮೇಣದ ಅಚ್ಚಿನಲ್ಲಿ ಕೂರಿಸಿ ಇಟ್ಟಿರುತ್ತಾರೆ, ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಆ ಬ್ಲಾಕನ್ನೂ ಸ್ಲೈಡನ್ನೂ ಕೇಳಿ ಪಡೆದು ಹಾಸನದ ಮೆಡಿಕಲ್ ಕಾಲೇಜಿಗೋ ಬೆಂಗಳೂರಿನ ಕಿದ್ವಾಯಿಗೋ ಎರಡನೇ ಅಭಿಪ್ರಾಯಕ್ಕೆ ಒಯ್ಯಬಹುದು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ರೆಫರಲ್ ಬರೆಸಿಕೊಂಡು ಹೋಗಿ.

ಬಯಾಪ್ಸಿ ಎಂದರೆ ಹೆದರುವಂಥದ್ದೇನಲ್ಲ. ಸಣ್ಣ ಸೂಜಿಯಲ್ಲಿ ಒಂದೆರಡು ಮಿ.ಲೀ. ಲಿಗ್ನೋಕೇನ್ ಕೊಟ್ಟು, ಪೆನ್ನಿನಂಥ ಪಂಚ್ ಉಪಕರಣದ 3 ಅಥವಾ 4 ಮಿ.ಮೀ. ಅಗಲದ ವೃತ್ತಾಕಾರದ ಅಲಗನ್ನು ತಿರುಗಿಸಿ, ಚರ್ಮದ ಒಂದು ಕಂಬವನ್ನು ಬುಡದಲ್ಲಿ ಕತ್ತರಿಸಿಕೊಳ್ಳುತ್ತಾರೆ. ಒಂದು ಹೊಲಿಗೆ ಸಾಕು, ಕೆಲವೊಮ್ಮೆ ಅದೂ ಬೇಡ. ಮುಖ್ಯವಾದ ಮಾತೆಂದರೆ ಆ ಕಂಬದಲ್ಲಿ ಒಳಚರ್ಮವೂ ಬರಬೇಕು. ಮೇಲೆ ಮೇಲೆ ಹೆರೆದ ಚೂರಿನಲ್ಲಿ ತಳಪೊರೆಯೇ ಇರುವುದಿಲ್ಲ, ಪೊರೆ ಹರಿದಿದೆಯೋ ಇಲ್ಲವೋ ಎಂದು ಯಾವ ಪ್ಯಾಥಾಲಜಿಸ್ಟೂ ಹೇಳಲಾರರು. ಮಚ್ಚೆಯಲ್ಲಿ ಅತಿ ದಪ್ಪ, ಹುಣ್ಣು ಅಥವಾ ಗಟ್ಟಿ ಅನಿಸುವ ಜಾಗದಿಂದಲೇ ತೆಗೆಯಬೇಕು. ಮಚ್ಚೆ ದೊಡ್ಡದಿದ್ದರೆ ಎರಡು ಮೂರು ಕಡೆಯಿಂದ.

ಬಿಳಿ ಮಚ್ಚೆಯ ಬಯಾಪ್ಸಿಯೂ ಎಚ್‌ಎಸ್‌ಐಎಲ್ ಎಂದೇ ಬಂದರೆ ಅಲ್ಲಿ ಲೇಸರ್ ಒಳ್ಳೆಯದು. ತುಟಿಯ ಆಕಾರ ಉಳಿಯುತ್ತದೆ, ಸ್ಪರ್ಶ ಉಳಿಯುತ್ತದೆ. ಇಲ್ಲಿ ಬಳಸುವುದು ಕಾರ್ಬನ್ ಡೈಆಕ್ಸೈಡ್ ಲೇಸರ್. ಅದರ ಶಾಖವನ್ನು ಕಣಗಳೊಳಗಿನ ನೀರು ಹೀರಿಕೊಂಡು ಆವಿಯಾಗುವುದರಿಂದ ಪದರ ಪದರವಾಗಿ ಚರ್ಮ ಹೋಗುತ್ತದೆ. ಆಳ ಅಳೆಯಲು ಅಲ್ಲಿ ಸ್ಕೇಲು ಇಟ್ಟುಕೊಂಡು ಕೂರುವುದಿಲ್ಲ, ಕೊಲ್ಪೋಸ್ಕೋಪ್ ಎಂಬ, ದೊಡ್ಡದಾಗಿ ತೋರಿಸುವ ಮಸೂರದಡಿ ಬಣ್ಣ ನೋಡಿ ತಿಳಿಯುತ್ತಾರೆ. ಮೊದಲ ಸಲ ಲೇಸರ್ ಹಾಯಿಸಿ ಕರಕಲನ್ನು ಒದ್ದೆ ಹತ್ತಿಯಿಂದ ಒರೆಸಿದರೆ ನಸುಗೆಂಪು ನುಣುಪು ತಳ ಕಾಣುತ್ತದೆ, ಮೇಲ್ಪದರ ಹೋಯಿತು ಎಂದರ್ಥ. ಎರಡನೇ ಸಲಕ್ಕೆ ಹಳದಿ ಛಾಯೆಯ, ತೊಳೆದ ಚರ್ಮದ ಬಟ್ಟೆಯಂತೆ ತುಸು ಒರಟಾದ ಮೈ. ಮೂರನೆಯ ಸಲ ನೀರಲ್ಲಿ ನೆನೆದ ಹತ್ತಿ ದಾರಗಳಂಥ ಬೂದು ಬಿಳಿ ಎಳೆಗಳು ಕಾಣತೊಡಗುತ್ತವೆ. ಅಲ್ಲಿಗೆ ನಿಲ್ಲಬೇಕು. ಅದನ್ನೂ ದಾಟಿ ಹಳದಿ ಕೊಬ್ಬಿನ ಗುಳ್ಳೆಗಳು ಕಂಡರೆ ಆಳ ಮೀರಿದೆ, ಆ ಗಾಯ ಕಲೆ ಬಿಡದೆ ಮಾಯದು. ಒಳತುಟಿಯಲ್ಲಿ ಮೂರನೇ ತಳದವರೆಗೂ ಹೋಗುವ ಅಗತ್ಯ ಕಡಿಮೆ.

ಲೇಸರ್ ಇಲ್ಲದ ಕಡೆ ಮಾಮೂಲಿ ಕಾಟರಿಯಿಂದ ಸುಡುವುದುಂಟು. ಇಷ್ಟು ದೊಡ್ಡ ವಿಷಯಕ್ಕೆ ನಾನು ಅದನ್ನು ಒಪ್ಪುವುದಿಲ್ಲ. ಕಾಟರಿಯ ಶಾಖ ಪಕ್ಕಕ್ಕೂ ಕೆಳಕ್ಕೂ ಎಷ್ಟು ಹಬ್ಬಿತು ಎಂದು ತಿಳಿಯುವುದಿಲ್ಲ, ಮೇಲಿನ ಕರಕಲು ತಳದ ಬಣ್ಣವನ್ನೇ ಮುಚ್ಚಿಬಿಡುತ್ತದೆ. ಐಸಿನಂತೆ ಹೆಪ್ಪುಗಟ್ಟಿಸುವ ಕ್ರಯೋ ಚಿಕಿತ್ಸೆಯದೂ ಅದೇ ತೊಂದರೆ.

ಮುಲಾಮಿನ ದಾರಿಯೂ ಒಂದಿದೆ, ಇಮಿಕ್ವಿಮೋಡ್ 5 ಶೇಕಡಾ ಕ್ರೀಮ್. ಇದು ಸುಡುವುದಿಲ್ಲ, ವೈರಸ್ ಹೊಕ್ಕ ಕಣಗಳ ಮೇಲೆ ನಿಮ್ಮದೇ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುತ್ತದೆ. ಹಾಗಾಗಿ ಆಳದ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ರಾತ್ರಿ ಮಚ್ಚೆಗೆ ಮಾತ್ರ ತೆಳ್ಳಗೆ ಹಚ್ಚಿ ಬೆಳಿಗ್ಗೆ ತೊಳೆಯಬೇಕು. ವಾರಕ್ಕೊಂದು ರಾತ್ರಿಯಿಂದ ಶುರುಮಾಡಿ, ತಡೆದುಕೊಂಡರೆ ನಡುವೆ ಬಿಡುವು ಕೊಟ್ಟು ವಾರಕ್ಕೆ ಮೂರು ರಾತ್ರಿ, ಸುಮಾರು 16 ವಾರ. ಚರ್ಮ ಕೆಂಪಾಗಿ ಉರಿಯುತ್ತದೆ, ಕೆಲವರಿಗೆ ಹುಣ್ಣಾಗುತ್ತದೆ, ಜ್ವರ ಮೈಕೈ ನೋವೂ ಬರಬಹುದು. ಉರಿ ಬಂತೆಂದು ಪೂರ್ತಿ ಬಿಟ್ಟುಬಿಡುವುದು ಇಲ್ಲಿ ಆಗುವ ದೊಡ್ಡ ತಪ್ಪು. ಒಂದು ವಾರ ನಿಲ್ಲಿಸಿ ಮತ್ತೆ ಹಚ್ಚಬೇಕು. 2022ರಲ್ಲಿ ಪ್ರಕಟವಾದ ಆಸ್ಟ್ರಿಯಾದ ಪ್ರಯೋಗದಲ್ಲಿ ಆರು ತಿಂಗಳ ಹೊತ್ತಿಗೆ ಮಚ್ಚೆ ಪೂರ್ತಿ ಹೋದವರು ಮುಲಾಮಿನಲ್ಲಿ ನೂರಕ್ಕೆ 80, ಶಸ್ತ್ರಚಿಕಿತ್ಸೆಯಲ್ಲಿ 79. ಆದರೆ ಬಯಾಪ್ಸಿಯಲ್ಲಿ ಕ್ಯಾನ್ಸರಿನ ಅನುಮಾನ ಇಲ್ಲದವರಿಗೆ, ನಾಲ್ಕಾರು ವಾರಕ್ಕೊಮ್ಮೆ ತಪ್ಪದೆ ಬಂದು ತೋರಿಸುವವರಿಗೆ ಮಾತ್ರ ಇದು. ಗರ್ಭಿಣಿಯರಿಗೆ ಬೇಡ. ನಿಮ್ಮ ಒಳತುಟಿಯ ಮಚ್ಚೆಗೆ ಲೇಸರ್ ಸಿಗದಿದ್ದರೆ ಇದು ಯೋಗ್ಯ. ಹೊರಗಿನ ಉಬ್ಬಿದ ಮಚ್ಚೆಗೆ ನಾನು ಇದನ್ನು ಹೇಳಲಾರೆ.

ಆಳಕ್ಕೆ ತೆಗೆಸಿದರೆ ಮತ್ತೆ ಬರುವುದಿಲ್ಲವೇ? ಬರುತ್ತದೆ. ಯಾವ ಚಿಕಿತ್ಸೆ ಮಾಡಿಸಿದರೂ ಸುಮಾರು ಮೂವರಲ್ಲಿ ಒಬ್ಬರಿಗೆ ಇದು ಮರುಕಳಿಸುತ್ತದೆ. ಕಾರಣ ಕೆಳಗೆ ಉಳಿದ ಬೇರಲ್ಲ. ಎಚ್‌ಪಿವಿ ವೈರಸ್, ಅದರಲ್ಲೂ 16ನೇ ಬಗೆ, ಮಚ್ಚೆಯ ಸುತ್ತಲಿನ ಚೆನ್ನಾಗಿಯೇ ಕಾಣುವ ಚರ್ಮದಲ್ಲೂ ಇರುತ್ತದೆ. ಮರುಕಳಿಸುವುದು ಹೆಚ್ಚಾಗಿ ಪಕ್ಕದಲ್ಲಿ, ತೆಗೆದ ತುಂಡಿನ ಅಂಚಿನಲ್ಲಿ ರೋಗ ಉಳಿದಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ಡಾಕ್ಟರನ್ನು 'ಎಷ್ಟು ಆಳಕ್ಕೆ ತೆಗೆದಿರಿ' ಎನ್ನುವುದಕ್ಕಿಂತ 'ಅಂಚು ಕ್ಲಿಯರ್ ಇದೆಯಾ' ಎಂದು ಕೇಳಿ. ಮೂತ್ರದ್ವಾರ, ಭಗಾಂಕುರ, ಗುದದ್ವಾರದ ಹತ್ತಿರ ಒಂದು ಸೆಂ.ಮೀ. ಅಂಚಿಗಾಗಿ ಅಂಗವನ್ನೇ ಕಳೆದುಕೊಳ್ಳುವುದು ಸರಿಯಲ್ಲ. ಅಲ್ಲಿ ಕಡಿಮೆ ಅಂಚು ಇಟ್ಟು, ಉಳಿದದ್ದಕ್ಕೆ ಲೇಸರ್ ಸೇರಿಸಿ, ನಿಗಾ ಇಡುತ್ತಾರೆ. 6 ತಿಂಗಳಿಗೆ, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ತೋರಿಸಬೇಕು, ಏನೂ ಇಲ್ಲದಿದ್ದರೂ. ಇದೇ ವೈರಸ್ ಗರ್ಭಕೊರಳಿಗೂ ಗುದದ್ವಾರಕ್ಕೂ ತಾಗುವುದರಿಂದ ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆಯನ್ನು ಈಗಲೇ ಮಾಡಿಸಿಕೊಳ್ಳಿ. ಬೀಡಿ ಸಿಗರೇಟಿನ ಅಭ್ಯಾಸ ಇದ್ದರೆ ಬಿಡಲೇಬೇಕು, ಮರುಕಳಿಸಲು ಅದು ದೊಡ್ಡ ಕಾರಣ. ಎಚ್‌ಐವಿ ಪರೀಕ್ಷೆ ಬರೆದುಕೊಟ್ಟರೆ ಅವಮಾನ ಎಂದುಕೊಳ್ಳಬೇಡಿ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಇದು ಹೆಚ್ಚು ಹಟಮಾರಿ ಎಂಬುದಕ್ಕಾಗಿ ಕೇಳುತ್ತಾರೆ.

ಗಂಡನ ಮಾತಿಗೆ ಬರೋಣ. ಎಚ್‌ಪಿವಿ ದಾಂಪತ್ಯದಲ್ಲಿ ತೀರಾ ಸಾಮಾನ್ಯವಾದ ವೈರಸ್, ಮೈಯಲ್ಲಿ ಹತ್ತಾರು ವರ್ಷ ಸದ್ದಿಲ್ಲದೆ ಇರಬಲ್ಲದು. ಇದು ಯಾವಾಗ, ಯಾರಿಂದ ಬಂತು ಎಂದು ಯಾವ ಪರೀಕ್ಷೆಯೂ ಹೇಳಲಾರದು. ಅವರ ಮೇಲೆ ಅನುಮಾನ ಪಡಲು ಇದು ಆಧಾರವಲ್ಲ, ನಿಮ್ಮ ಮೇಲೆ ಯಾರಾದರೂ ಬೆರಳು ತೋರಿಸಲೂ ಆಧಾರವಲ್ಲ. ಉಷ್ಣದಿಂದ ಬಂದದ್ದಂತೂ ಅಲ್ಲ. ಮನೆಯಲ್ಲಿ 9ರಿಂದ 14 ವರ್ಷದ ಹೆಣ್ಣುಮಕ್ಕಳಿದ್ದರೆ ಎಚ್‌ಪಿವಿ ಲಸಿಕೆ ಹಾಕಿಸಿ. 2022ರಲ್ಲಿ ಅನುಮತಿ ಪಡೆದ ನಮ್ಮ ದೇಶದ್ದೇ ಲಸಿಕೆ ಸರ್ವಾವ್ಯಾಕ್ ಕೂಡ 16ನೇ ಬಗೆಯನ್ನು ತಡೆಯುತ್ತದೆ.

ಮೆಡಿಕಲ್ ಶಾಪಿನ ಟ್ಯೂಬನ್ನು ಇವತ್ತೇ ನಿಲ್ಲಿಸಿ. ಅಂಥ ಟ್ಯೂಬುಗಳಲ್ಲಿ ಬಹಳಷ್ಟು ಫಂಗಸ್ ಔಷಧಿಗೆ ಸ್ಟೆರಾಯ್ಡ್ ಬೆರೆಸಿದಂಥವು. ತುರಿಕೆ ತಾತ್ಕಾಲಿಕವಾಗಿ ಅಡಗುತ್ತದೆ, ಒಳಗೆ ರೋಗ ಮುಂದುವರಿಯುತ್ತದೆ. ಸ್ಟೆರಾಯ್ಡೇ ಕೆಟ್ಟದ್ದು ಎಂದಲ್ಲ. ಮೇಲೆ ಹೇಳಿದ ಕ್ಲೋಬೆಟಸಾಲೂ ಸ್ಟೆರಾಯ್ಡೇ, ಆದರೆ ಕಾಯಿಲೆ ಯಾವುದೆಂದು ತಿಳಿದು, ಅಳತೆಯಲ್ಲಿ ಹಚ್ಚುವಂಥದ್ದು.

ಆಪರೇಷನ್ ಆದ ಮೇಲೆ ಮೊದಲ ವಾರ ನೋವಿರುತ್ತದೆ, ಲೇಸರಿನಲ್ಲಿ ಮೂರನೇ ದಿನದಿಂದ ಐದನೇ ದಿನ ಹೆಚ್ಚು. ದಿನಕ್ಕೆರಡು ಸಲ ಹತ್ತು ನಿಮಿಷ ಅಗಲ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರಿಟ್ಟು ಕೂತುಕೊಳ್ಳಿ. ಡೆಟಾಲ್ ಬೇಡ, ಅರಿಶಿನ ಪುಡಿ ಬೇಡ. ಮೂತ್ರ ಮಾಡುವಾಗ ಚೊಂಬಿನಿಂದ ನೀರು ಹೊಯ್ದುಕೊಳ್ಳುತ್ತಿದ್ದರೆ ಉರಿ ಕಡಿಮೆ. ಕುಕ್ಕುರುಗಾಲಿನಲ್ಲಿ ಕೂತು ಮುಕ್ಕಿದರೆ ಹೊಲಿಗೆ ಜಗ್ಗುತ್ತದೆ, ಮೂರು ವಾರದ ಮಟ್ಟಿಗೆ ಕಮೋಡ್ ಕುರ್ಚಿ ಸಿಕ್ಕರೆ ಒಳ್ಳೆಯದು. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ. ಹೊಲಿಗೆ ಅಲ್ಲಲ್ಲಿ ಬಿಚ್ಚಿಕೊಳ್ಳುವುದು ಅಪರೂಪವಲ್ಲ, ಶುಚಿಯಾಗಿಟ್ಟರೆ ತಾನೇ ತುಂಬಿಕೊಳ್ಳುತ್ತದೆ. ಜ್ವರ, ಕೀವು, ಒಂದು ಗಂಟೆಯಲ್ಲಿ ಪ್ಯಾಡ್ ಪೂರ್ತಿ ತೋಯುವಷ್ಟು ರಕ್ತ, ಮೂತ್ರ ಕಟ್ಟುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಗಂಡ ಹೆಂಡಿರ ಸಂಪರ್ಕ ಪೂರ್ತಿ ಮಾಯುವ ತನಕ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಬೇಡ.

ಕೊಯ್ಲಿನ ಪ್ರಶ್ನೆ. ಇದು ನಾಳೆಯೇ ಆಪರೇಷನ್ ಆಗಬೇಕಾದ ಕಾಯಿಲೆ ಅಲ್ಲ, ಮೂರು ನಾಲ್ಕು ವಾರ ಆಚೀಚೆ ಆದರೆ ಏನೂ ಕೆಡುವುದಿಲ್ಲ. ಆದರೆ ಅರೇಬಿಕಾ ಮುಗಿದು ರೊಬಸ್ಟಾ ಮುಗಿಯುವ ತನಕ ಎಂದರೆ ನಾಲ್ಕೈದು ತಿಂಗಳಾಗುತ್ತದೆ, ಅಷ್ಟು ಕಾಯಬೇಡಿ. ಬಿಳಿ ಮಚ್ಚೆಯ ಬಯಾಪ್ಸಿಯನ್ನು ಈ ವಾರವೇ ಮಾಡಿಸಿ, ಅದಕ್ಕೆ ಕೆಲಸ ಬಿಡಬೇಕಾದದ್ದು ಒಂದೆರಡು ದಿನ ಮಾತ್ರ. ಆಪರೇಷನ್ನಿಗೆ ಅರೇಬಿಕಾ ಮತ್ತು ರೊಬಸ್ಟಾ ಕೊಯ್ಲಿನ ನಡುವೆ ಬಿಡುವು ಸಿಕ್ಕರೆ ಆ ದಿನ ಗೊತ್ತುಮಾಡಿಕೊಳ್ಳಿ. ಬುಟ್ಟಿ ಕಟ್ಟಿಕೊಂಡು ಇಳಿಜಾರಿನಲ್ಲಿ ಹತ್ತಿ ಇಳಿಯುವುದು, ಮೂಟೆ ಹೊರುವುದು, ಜೀಪಿನ ಹಿಂದೆ ಕೂತು ಎಸ್ಟೇಟ್ ರಸ್ತೆಯಲ್ಲಿ ಕುಲುಕುವುದು ನಾಲ್ಕು ವಾರ ಆಗದು ಎಂದು ಮೇಸ್ತ್ರಿಗೆ ಮೊದಲೇ ಹೇಳಿಡಿ. ಈ ನಡುವೆ ಮಚ್ಚೆಯಲ್ಲಿ ಹುಣ್ಣಾದರೆ, ರಕ್ತ ಬಂದರೆ, ಬೆರಳಿಗೆ ಗಂಟು ಸಿಕ್ಕರೆ, ತೊಡೆಸಂದಿನಲ್ಲಿ ಗಡ್ಡೆ ಕಂಡರೆ ಕೊಯ್ಲನ್ನು ಅಲ್ಲಿಗೇ ಬಿಟ್ಟು ಹಾಸನಕ್ಕೆ ಬಸ್ಸು ಹತ್ತಿ. ಬರುವಾಗ ಹಳೆಯ ರಿಪೋರ್ಟ್, ಸ್ಲೈಡ್, ಆ ಟ್ಯೂಬು, ಮೂರನ್ನೂ ಜೊತೆಗೆ ತನ್ನಿ.